ಐದು ಕೋಳಿ, ಎರಡು ಹೊರಸಿನಷ್ಟು ಜೋಳ

ನಂಬಲ್ಲ ಅಂತೀರಾ? ನಂಬಬೇಡಿ. ಕುಸನೂರಿಗೆ ಬಂದು ನನ್ನ ಕೋಳಿಗಳ ಮುಂದೆ ನಿಂತು "ಇವೆಲ್ಲಾ ಸುಳ್ಳು" ಅಂತ ಒಮ್ಮೆ ಹೇಳಿ ನೋಡಿ, ಅವೇ ಉತ್ತರ ಕೊಡ್ತಾವೆ. ಹಿತ್ತಲದಲ್ಲಿ ಕೋಳಿ ಸಾಕಿ, ಅವುಗಳ ಮೇವನ್ನೂ ಅಲ್ಲೇ ಬೆಳೆಯೋನಿಗೆ ಇಂಥವು ವಾರಕ್ಕೊಂದು ಆಗ್ತಾನೇ ಇರ್ತಾವೆ.

ನಾನು ಮಹಾಗಾಂವದವ. ಕಲಬುರಗಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೆಲಸ, ಸಿಟಿಯಂಚಿನ ಕುಸನೂರಿನಲ್ಲಿ ಬಾಡಿಗೆ ಮನೆ. ಊರಿಂದ ಐದು ಕೋಳಿ ಬುಟ್ಟಿಯಲ್ಲಿ ತಂದ ದಿನ ಮನೆ ಮಾಲಕಿ ಅವ್ವಾರು ಬಾಗಿಲಲ್ಲೇ ತಡೆದರು. ಮೊಟ್ಟೆಯ ಹೆಸರೂ ಎತ್ತದ ಮನೆತನ ಅವರದು.

"ಚೀಲದ ಮೇವು ತಂದಿಟ್ರ ಹೆಗ್ಗಣ ಬರ್ತಾವ. ಹಿತ್ತಲದಾಗ ಬೆಳದು ಹಾಕು. ಎಳ್ಳಮಾಸಿ ಹಬ್ಬದ ತನಕ ನೋಡ್ತೀನಿ. ನನಗ ಸರಿ ಕಾಣಲಿಲ್ಲಂದ್ರ ಬುಟ್ಟಿ ಸಮೇತ ಊರಿಗಿ ಕಳಸು."

"ಅವ್ವಾರೆ, ನಾ ಬಿತ್ತಿದ್ರ ಫರಸಿ ಕಲ್ಲಿನ ಮ್ಯಾಲೂ ಬೆಳೀತದ" ಅಂದೆ.

ಅಂದೆನೇನೋ ಹೌದು, ಆದರೆ ಅವನ್ನು ಊರಿಗೆ ಕಳಿಸುವ ಹಾಗಿರಲಿಲ್ಲ. ನಾನೇ ಕಾವಿಗೆ ಕೂಡಿಸಿ ಮರಿ ಮಾಡಿಸಿದ ಕೋಳಿಗಳು ಅವು. ಊರಿಗೆ ಹೋದರೆ ಕಮಲಾಪುರದ ನಮ್ಮ ಭಾವ ಬಂದ ದಿನವೇ ಸಾರು.

೧. ಬೇಲಿ

ಜೋಳ, ರಾಜಗಿರಿ, ಸೂರ್ಯಕಾಂತಿ ಬಿತ್ತಿದೆ. ಮೂರನೆಯ ದಿನಕ್ಕೆ ಮೊಳಕೆ! ಹೊಲದಲ್ಲಿ ಹುಟ್ಟಿ ಬೆಳೆದವ ನಾನು, ಆದರೂ ಸಿಟಿಯ ಮಣ್ಣಿನಲ್ಲಿ ಆ ಹಸಿರು ಕಂಡು ಕಣ್ಣು ಪಿಳಿಪಿಳಿ ಬಿಟ್ಟೆ. ಊರಿಂದ ತೊಗರಿ ಕಟ್ಟಿಗೆ ತರಿಸಿ ಸುತ್ತ ಬೇಲಿ ಬಿಗಿದೆ. ಗಾಳಿಗೂ ದಾರಿ ಬಿಡಲಿಲ್ಲ. ಕೊನೆಯ ಗಂಟು ಹಾಕಿ ತಲೆ ಎತ್ತಿದರೆ ಐದೂ ಕೋಳಿ ಬೇಲಿಯ ಒಳಗೆ, ನಾನು ಹೊರಗೆ. ಮೊಳಕೆ ಮುಗಿಸಿ ಅರಾಮಾಗಿ ಬಿಸಿಲು ಕಾಯುತ್ತಿದ್ದವು.

ಕಿಟಕಿಯಿಂದ ಅವ್ವಾರು ಕೇಳಿದರು: "ಚಲೋ ಬೇಲಿ ಅದ ತಮ್ಮಾ. ನೀ ಒಳಗ ಹೋಗಬಾರ್ದಂತ ಕಟ್ಟೀಯೇನು?"

೨. ರಂಗು

ಎರಡನೆಯ ಸಲ ಬಿತ್ತಿದ್ದು ಎದ್ದು ನಿಂತಿತು. ದಿನಾ ರಾಜಗಿರಿ ಸೊಪ್ಪು, ನುಗ್ಗೆ ಸೊಪ್ಪು ತಿಂದ ಕೋಳಿಗಳು ಮೊಟ್ಟೆ ಇಟ್ಟವು ನೋಡಿ! ಒಡೆದರೆ ಒಳಗಿನ ಹಳದಿ ಹಳದಿಯೇ ಅಲ್ಲ, ಹೊತ್ತು ಹುಟ್ಟುವಾಗಿನ ಕೆಂಪು. ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತಿಂದದ್ದು ಸೊಪ್ಪು, ಕೊಟ್ಟದ್ದು ಸೂರ್ಯ. ಇದು ಹ್ಯಾಂಗ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಎದುರು ಮನೆಯ ಚಾಚಾಗೆ ಎರಡು ಕೊಟ್ಟೆ. ಸಂಜೆಗೆ ಬಟ್ಟಲು ಹಿಡಿದು ಬಂದರು. "ಅರೇ ಬೇಟಾ, ರಂಗ್ ಕಲಸೀ ಏನು ಇದಕ?"

"ಚಾಚಾ, ರಾಜಗಿರಿ ಮ್ಯಾಲ ಆಣಿ! ನನ್ನ ಕೋಳಿಗಿ ರಂಗಿನ ಗರಜೇ ಇಲ್ಲ."

ಅವರ ಕಣ್ಣೆದುರೇ ಒಂದು ಒಡೆದು, ಕರಿದು ತಿನ್ನಿಸಿದೆ. ಮೀಸೆ ಒರೆಸಿಕೊಂಡು ಹೇಳಿದರು: "ರಂಗ್ ಕಲಸೀದಿ ಅಂಬೋದು ಪಕ್ಕಾ. ಇನ್ನೆರಡು ಕೊಡು."

೩. ಕಮಲಾಪುರದ ಕೂಸು

ಬಾಳೆಯ ದಿಂಡು ಹೆಚ್ಚಿ ಹಾಕಿದರೆ ಬೇಸಿಗೆಯಲ್ಲಿ ಕೋಳಿಗೆ ತಂಪು ಅಂತ ಕೇಳಿದ್ದೆ. ಕಮಲಾಪುರದ ಅಕ್ಕನ ಮನೆಯಿಂದ ಕೆಂಪು ಬಾಳೆಯ ಮರಿ ತಂದೆ. ಬಿಸಿಲು ಬಡಿಯಬಾರದೆಂದು ಅಕ್ಕ ತನ್ನ ಹಳೆಯ ಸೀರೆ ಸುತ್ತಿ ಕೊಟ್ಟಳು. ಬಸ್ಸು ತುಂಬಿತ್ತು. ಎದೆಗೆ ಅಪ್ಪಿಕೊಂಡು ಹತ್ತಿದೆ.

"ಏ, ಕೂಸು ಎತ್ಕೊಂಡು ನಿಂತಾನ, ಜಾಗ ಬಿಡ್ರಿ!" ಕಂಡಕ್ಟರ್ ಕೂಗಿದ. ನಾನು ಬಿಟ್ಟ ಜಾಗದಲ್ಲಿ ಕುಳಿತು ಸೀರೆ ಇನ್ನಷ್ಟು ಬಿಗಿಯಾಗಿ ಸುತ್ತಿದೆ. ಸ್ವಲ್ಪ ಹೊತ್ತಿಗೆ ಬಾಜೂಕಿನ ಸೀಟಿನ ಒಬ್ಬ ಅತ್ತಿ ಪ್ರೀತಿಯಿಂದ ಸೆರಗು ಸರಿಸಿ ಮುಖ ನೋಡಲು ಹೋದಳು.

"ಅಯ್ಯಯ್ಯ! ಇದಕ ಬೇರು ಬಂದಾವಲ್ಲೋ!"

"ಹೂಂರೀ ಅತ್ತಿ," ಅಂದೆ, "ನಮ್ಮ ವಂಶದಾಗ ಎಲ್ಲಾರಿಗೂ ಲಗೂ ಬರ್ತಾವ."

೪. ಎಳ್ಳಮಾಸಿ

ಎಳ್ಳಮಾಸಿ ಬಂದೇ ಬಂತು. ನಮ್ಮ ಕಡೆ ಆ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಮೊದಲು ಭೂಮಿತಾಯಿಗೆ ಉಣಬಡಿಸಬೇಕು, ಬೆಳೆಯ ನಡುವೆ ಅಡುಗೆ ಚೆಲ್ಲುತ್ತಾ ನಡೆಯಬೇಕು. ಅದೇ ಚರಗ. ಅವ್ವಾರ ಹೊಲದ ಮೇಲೆ ಈಗ ಮನೆಗಳೆದ್ದಿವೆ. ಇಷ್ಟು ವರ್ಷ ಹೂವಿನ ಕುಂಡಕ್ಕೆ ಚೆಲ್ಲುತ್ತಿದ್ದರಂತೆ.

ಈ ಸಲ ನಮ್ಮ ಓಣಿಗೆಲ್ಲಾ ಜೋಳ ಅಂತ ಇದ್ದದ್ದು ನನ್ನ ಹಿತ್ತಲದಲ್ಲೇ. ಎರಡು ಹೊರಸಿನಷ್ಟು, ಅಂದರೆ ಎರಡು ಮಂಚ ಹಿಡಿಸುವಷ್ಟು ಜಾಗ, ಆದರೆ ತೆನೆ ನನ್ನ ತಲೆಗಿಂತ ಎತ್ತರ.

"ಕೋಳಿ ಕಟ್ಟಿ ಹಾಕು. ತಾಯಿ ಎಡಿಗಿ ಬಾಯಿ ಹಾಕಿದ್ವಂದ್ರ ಇವತ್ತೇ ಊರು" ಅಂದರು ಅವ್ವಾರು. ಐದನ್ನೂ ಬಚ್ಚಲಿಗೆ ನೂಕಿ ಚಿಲಕ ಹಾಕಿದೆ.

ಕಾಳು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಅವ್ವಾರು ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಅನ್ನುತ್ತಾ ಜೋಳದ ಬುಡಕ್ಕೆಲ್ಲಾ ಚೆಲ್ಲಿದರು. ಆಮೇಲೆ ಕೈ ತೊಳೆಯಲು ತಾವೇ ಹೋಗಿ ಬಚ್ಚಲ ಬಾಗಿಲು ತೆಗೆದರು!

ಐದು ಬಾಣ ಬಿಟ್ಟಂಗಾಯಿತು. ಅವ್ವಾರು ತಿರುಗುವಷ್ಟರಲ್ಲಿ ಹೋಳಿಗೆ ಇಲ್ಲ, ಭಜ್ಜಿ ಇಲ್ಲ, ನೆಲ ಸಾರಿಸಿದಂತೆ ಸ್ವಚ್ಛ. ನಾನು ಬುಟ್ಟಿ ಹುಡುಕಲು ಹೋದೆ.

"ನಿಂದ್ರು" ಅಂದರು. ಅವರ ಕಣ್ಣಲ್ಲಿ ನೀರು. "ಮದಿವ್ಯಾಗಿ ಬಂದಾಗಿಂದ ಚೆಲ್ಲೀನಿ ತಮ್ಮಾ. ತಾಯಿ ಉಣ್ಣೂದು ಒಮ್ಮಿನೂ ಕಂಡಿದ್ದಿಲ್ಲ. ಇವತ್ತ ನೋಡು, ಹ್ಯಾಂಗ ಉಂಡಾಳ!"

ಅಷ್ಟರಲ್ಲಿ ಒಂದು ಕೋಳಿ ಅವರ ಸೀರೆಯ ಅಂಚು ಕುಕ್ಕಿತು. ಅವ್ವಾರು ಗಡಬಡಿಸಿ ಒಳಗೆ ಓಡಿದರು: "ತಡೀ ತಾಯಿ, ಇನ್ನೊಂದು ಹೋಳಿಗಿ ಬಡಸ್ತೀನಿ! ತುಪ್ಪ ಹಾಕೂದು ಮರ್ತಿದ್ದೆ!"

ಕೋಳಿಗಳು ಇಲ್ಲೇ ಉಳಿದವು. ಮರುದಿನ ಅವ್ವಾರು ಮನೆಯ ಪಕ್ಕದ ತಮ್ಮ ಖಾಲಿ ಪ್ಲಾಟನ್ನು ನನಗೆ ಜೋಳ ಬಿತ್ತಲು ಕೊಟ್ಟರು.