ಮಾವನ ಒಳದಾರಿ ಮತ್ತು ಒಂದು ಮುಡಿ ಅಕ್ಕಿ

ನನ್ನ ಸೋದರಮಾವ ತಮ್ಮ ಹೆಂಡತಿಯ ಜೊತೆಗಿಂತ ಹೆಚ್ಚು ದೂರ ಒಂದು ಮುಡಿ ಅಕ್ಕಿಯ ಜೊತೆ ತಿರುಗಾಡಿದವರು. ನಾನು ಚಾಡಿ ಹೇಳುತ್ತಿಲ್ಲ. ಮೂಡುಬಿದಿರೆಯಿಂದ ಅಳದಂಗಡಿಯವರೆಗಿನ ಯಾವ ಗೂಡಂಗಡಿಯಲ್ಲಿ ಕೇಳಿದ್ದರೂ ಆ ಕಾಲದಲ್ಲಿ ಇದನ್ನೇ ಹೇಳುತ್ತಿದ್ದರು. ಬೈಹುಲ್ಲಿನಲ್ಲಿ ಗುಂಡಗೆ ಬಿಗಿದು ಕಟ್ಟಿದ ಮುಡಿಯನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು, ಕಾಡಿನ ನಡುವಿನ ಕೆರೆಗಳನ್ನೆಲ್ಲ ಸುತ್ತುತ್ತಾ, ನಡುನಡುವೆ ಹಿಂದೆ ತಿರುಗಿ ಅದನ್ನು ಮಾತಾಡಿಸುತ್ತಾ ಹೋಗುವವರನ್ನು ಯಾರು ತಾನೇ ಮರೆತಾರು?

ಇದಕ್ಕೆಲ್ಲ ಕಾರಣ ಬಸ್ಸು. ಅತ್ತೆಯ ತವರು ಅಳದಂಗಡಿ. ಮದುವೆಯ ದಿಬ್ಬಣ ಬಸ್ಸಿನಲ್ಲಿ ಮೂಡುಬಿದಿರೆಗೆ ಬರುವಾಗ ಅತ್ತೆ ಅರ್ಧ ದಾರಿಯಲ್ಲೇ ಮಾವನ ಹೊಸ ಶಾಲಿನ ಮೇಲೆ ವಾಂತಿ ಮಾಡಿದರು. ಆಮೇಲೊಮ್ಮೆ ತವರಿಗೆಂದು ಹೊರಟವರು ಎರಡನೇ ಸ್ಟಾಪಿನಲ್ಲೇ ಇಳಿದು, ರಸ್ತೆಬದಿಯಲ್ಲಿ ಮಲಗಿ, ಹೇಗೋ ಚೇತರಿಸಿಕೊಂಡು ಹಿಂದಕ್ಕೆ ಬಂದರು. ಬಸ್ಸು ಪಕ್ಕದಲ್ಲಿ ಹಾದುಹೋದರೆ ಸಾಕು, ಆ ವಾಸನೆಗೇ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಎತ್ತಿನ ಗಾಡಿಯಂತೂ ಬಸ್ಸಿಗಿಂತ ಹೆಚ್ಚು ಅಲ್ಲಾಡುತ್ತದೆ. ಅಳದಂಗಡಿಯಲ್ಲಿ ಅತ್ತೆಯ ತಾಯಿ ಇದ್ದರು. ಮೊಣಕಾಲು ಹಿಡಿದು ಅಂಗಳಕ್ಕೆ ಇಳಿಯಲೂ ಆಗದವರು. ಅವರು ಇಲ್ಲಿಗೆ ಬರುವಂತಿರಲಿಲ್ಲ. ತಾಯಿಯ ಮುಖ ನೋಡಬೇಕಾದರೆ ಮಗಳೇ ಹೋಗಬೇಕು.

"ನಾನು ನಡೆದೇ ಹೋಗ್ತೇನೆ" ಎಂದರು ಅತ್ತೆ.

ಮಾವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಹೆಂಡತಿ ತವರಿಗೆ ನಡ್ಕೊಂಡು ಹೋದಳು ಅಂತ ಊರವರು ಹೇಳ್ಬೇಕಾ? ನನ್ನ ಮರ್ಯಾದೆ ಎಂತಾಗ್ಬೇಕು? ಸೈಕಲ್ಲಿನಲ್ಲಿ ಕೂರಿಸಿ ಕರಕೊಂಡು ಹೋಗ್ತೇನೆ. ಬಸ್ಸು ಓಡದ ದಾರಿಯಲ್ಲಿ, ನಿನ್ನ ಹೊಟ್ಟೆಯ ನೀರು ಅಲ್ಲಾಡದ ಹಾಗೆ!"

ಹೊಟ್ಟೆಯ ನೀರು ಅಲ್ಲಾಡದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಿ ಮರೆತುಬಿಡುತ್ತಾರೆ. ಅದನ್ನು ನಿಜವಾಗಿ ಅಳೆದು ನೋಡಲು ಹೊರಟವರು ಈ ಭೂಮಿಯ ಮೇಲೆ ನನ್ನ ಮಾವ ಒಬ್ಬರೇ!

ಅಳೆಯುವ ಕ್ರಮ ಹೀಗಿತ್ತು. ಹೆಂಡತಿಯ ಬದಲು ಕ್ಯಾರಿಯರಿನಲ್ಲಿ ಒಂದು ಮುಡಿ ಅಕ್ಕಿ. ಅದರ ನೆತ್ತಿಯ ಮೇಲೆ ಕಂಠಮಟ್ಟ ನೀರು ತುಂಬಿದ ತಾಮ್ರದ ತಂಬಿಗೆ. ಮುಡಿ ಎಂದರೆ ಅತ್ತೆ, ತಂಬಿಗೆ ಎಂದರೆ ಅತ್ತೆಯ ಹೊಟ್ಟೆ. ನೀರು ಚೆಲ್ಲದೆ ಅಳದಂಗಡಿ ಮುಟ್ಟಿದರೆ ಆ ದಾರಿ ಪಾಸು, ಚೆಲ್ಲಿದರೆ ಫೇಲು.

"ನಾನು ಅಷ್ಟು ಗುಂಡಗಿದ್ದೇನಾ?" ಎಂದು ಅತ್ತೆ ಕೇಳಿದ್ದಕ್ಕೆ ಮಾವ ಮುಡಿಯನ್ನೂ ಅತ್ತೆಯನ್ನೂ ಒಮ್ಮೆ ಸರಿಯಾಗಿ ನೋಡಿ, "ತೂಕ ಮಾತ್ರ ಸರಿ ಉಂಟು, ಮಾತು ಕಮ್ಮಿ" ಎಂದರಂತೆ. ಆ ರಾತ್ರಿ ಮಾವನಿಗೆ ಗಂಜಿಯ ಜೊತೆ ಉಪ್ಪಿನಕಾಯಿ ಸಿಗಲಿಲ್ಲ.

ನಾನು ಆಗ ಬಂಟ್ವಾಳದಲ್ಲಿ ಶಾಲೆ ಮಾಸ್ಟ್ರು. ರಜೆ ಸಿಕ್ಕಿದರೆ ಮಾವನ ಮನೆಗೆ ಹೋಗುತ್ತಿದ್ದೆ. ಹೋದರೆ ನನಗೂ ಒಂದು ಬಾಡಿಗೆ ಸೈಕಲ್ಲು ಸಿದ್ಧ! ಮುಂದೆ ಮಾವ ಮತ್ತು ಮುಡಿ, ಹಿಂದೆ ನಾನು. ನನ್ನ ಕೆಲಸ ತಂಬಿಗೆಯನ್ನು ನೋಡುತ್ತಾ ಬರುವುದು. ಮಾಸ್ಟ್ರಿಕೆಯ ಬಿ.ಟಿ. ಪರೀಕ್ಷೆ ಪಾಸು ಮಾಡಿದವನಿಗೆ ಇದಕ್ಕಿಂತ ದೊಡ್ಡ ಜವಾಬ್ದಾರಿ ಯಾರು ಕೊಟ್ಟಾರು?

ಒಂದು ವಿಷಯ ಮಾತ್ರ ಒಪ್ಪಬೇಕು. ಆ ದಾರಿಗಳು ಚೆಂದವಿದ್ದವು. ಮುರಕಲ್ಲಿನ ಹರಳು ಹಾಸಿದ ಕೆಂಪು ದಾರಿ, ಎರಡೂ ಬದಿಯಲ್ಲಿ ಕಾಡು, ಬಿಸಿಲು ನೆಲಕ್ಕೆ ಇಳಿಯಲು ಕಷ್ಟಪಡುವಷ್ಟು ನೆರಳು. ಒಂದು ತಿರುವು ತಿರುಗಿದರೆ ಕೆರೆ, ಇನ್ನೊಂದು ತಿರುಗಿದರೆ ಮತ್ತೊಂದು ಕೆರೆ. ಹಾರ್ನಿಲ್ಲ, ಹೊಗೆಯಿಲ್ಲ. ಚಕ್ರದ ಕೆಳಗೆ ಹರಳು ಚರಚರ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ತಿರುವಿನಲ್ಲಿ ಸ್ವಲ್ಪ ಬಿರುಸಾಗಿ ಹೋದರೆ ಅದೇ ಹರಳು ಚಕ್ರವನ್ನು ಜಾರಿಸಿ ನಮ್ಮನ್ನು ಕೆರೆಯ ಕಡೆಗೆ ಕಳಿಸುತ್ತಿತ್ತು, ಅದು ಬೇರೆ ಮಾತು. ಒಮ್ಮೆ ಮಾವ ಹಾಗೆ ಬಿದ್ದರು. ಮೊಣಕೈ ತರಚಿ ರಕ್ತ ಇಳಿಯುತ್ತಿದ್ದರೂ ಅವರು ಮೊದಲು ಕೇಳಿದ್ದು, "ಮಾಸ್ಟ್ರೇ, ಅವಳಿಗೆ ಪೆಟ್ಟಾಯ್ತಾ ನೋಡು!" ನಾನು ಮುಡಿಯನ್ನು ತಿರುಗಿಸಿ ನೋಡಿ, ಇಲ್ಲವೆಂದೆ.

ಅಷ್ಟೆಲ್ಲ ದಾರಿ ಇದ್ದ ಮೇಲೆ ಒಂದನ್ನಾದರೂ ಆರಿಸಬಹುದಿತ್ತಲ್ಲ? ಅಲ್ಲೇ ಇರುವುದು ಮಾವನ ಪ್ರತಾಪ! ಒಂದು ದಾರಿಯಲ್ಲಿ ಮಂಗಗಳು ಹಲ್ಲು ಕಿರಿಯುತ್ತವೆ, ಅತ್ತೆ ಹೆದರಿಯಾರು, ಬೇಡ. ಇನ್ನೊಂದರಲ್ಲಿ ಹಳ್ಳದ ಮೇಲಿನ ಸಂಕ ದಾಟುವಾಗ ತಂಬಿಗೆಯಿಂದ ಎರಡು ಹನಿ ನೀರು ತುಳುಕಿತು, ಬೇಡ. ಮತ್ತೊಂದರಲ್ಲಿ ಹನಿಯೂ ತುಳುಕಲಿಲ್ಲ, ಮಂಗವೂ ಇರಲಿಲ್ಲ. ಮಾವ ಕೆರೆಯ ದಂಡೆಯಲ್ಲಿ ಸೈಕಲ್ಲು ನಿಲ್ಲಿಸಿ ತುಂಬ ಹೊತ್ತು ಯೋಚಿಸಿದರು.

"ಈ ಜಾಗ ಜಾಸ್ತಿ ಚೆಂದ ಉಂಟು ಮಾರಾಯ. ಅವಳು ಇಲ್ಲೇ ಕೂತುಬಿಟ್ಟರೆ ಏಳಿಸುವವರು ಯಾರು?"

"ಕೂತರೆ ಕೂತುಕೊಳ್ಳಲಿ ಮಾವ, ನಿಮಗೆಂತ ಅರ್ಜೆಂಟು?"

"ನಿನಗೆ ಮದುವೆ ಆಗ್ಲಿ, ಆಮೇಲೆ ಮಾತಾಡು" ಎಂದು ಆ ದಾರಿಯನ್ನೂ ಕೈಬಿಟ್ಟರು.

ದಿನಾ ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕೂತು ಮಾವ ಅಂದಿನ ದಾರಿಯ ವರದಿ ಒಪ್ಪಿಸುವರು. ಎಲ್ಲಿ ಕವಲು, ಎಲ್ಲಿ ಏರು, ಯಾವ ಕೆರೆಯ ಪಕ್ಕ ಯಾವ ಮರ, ಎಲ್ಲಿ ಹರಳು ದಪ್ಪ. ಅತ್ತೆ ತೆಂಗಿನಕಾಯಿ ತುರಿಯುತ್ತಾ ಕೇಳುವರು. "ಅಲ್ಲಿಂದ ಎಡಕ್ಕಾ, ಬಲಕ್ಕಾ?" ಎಂದು ಒಮ್ಮೊಮ್ಮೆ ಪ್ರಶ್ನೆ. ಉತ್ತರ ಸಿಕ್ಕಿದ ಮೇಲೆ ಮತ್ತೆ ತುರಿಯುವರು. ಮಳೆಗಾಲದಲ್ಲಿ ಸಂಶೋಧನೆಗೆ ರಜೆ. ಮಳೆ ಬಿಟ್ಟ ಮೇಲೆ ಹೊಸ ಮುಡಿ, ಹೊಸ ಹುಮ್ಮಸ್ಸು.

ಈ ಮುಡಿ ಒಮ್ಮೆ ಮಾವನನ್ನು ಪೊಲೀಸರ ಕೈಗೂ ಕೊಟ್ಟಿತು. ಅದು ಅಕ್ಕಿಗೆ ಬರಗಾಲ ಬಂದಿದ್ದ ಕಾಲ. ಪರ್ಮಿಟ್ ಇಲ್ಲದೆ ಅಕ್ಕಿ ಸಾಗಿಸುವಂತಿರಲಿಲ್ಲ. ಬಸ್ಸು ಓಡದ ದಾರಿಯನ್ನು ಮಾವ ಒಬ್ಬರೇ ಹುಡುಕುತ್ತಿದ್ದರೇ? ಕಳ್ಳಸಾಗಣೆಯವರೂ ಹುಡುಕುತ್ತಿದ್ದರು! ಹಾಗಾಗಿ ಒಬ್ಬ ಪೊಲೀಸಪ್ಪ ಕೆರೆಯ ಬದಿಯ ಪೊದೆಯಲ್ಲಿ ಕಾದು ಕೂತಿದ್ದ.

"ನಿಲ್ಲಿಸು! ಆ ಕಟ್ಟಿನಲ್ಲಿ ಎಂತ ಉಂಟು?"

ಮಾವ ತಂಬಿಗೆಯ ಧ್ಯಾನದಲ್ಲಿದ್ದರು. ಬಾಯಿ ತಪ್ಪಿ, "ನನ್ನ ಹೆಂಡತಿ" ಎಂದರು.

ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಹಾರಿದ. ಹಗ್ಗ ಬಿಗಿದ ಆ ಗುಂಡಗಿನ ಕಟ್ಟನ್ನು ನೋಡಿ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಮತ್ತೆ... ಮೇಲೆ ಆ ತಂಬಿಗೆಯಲ್ಲಿ?"

"ಅದು ಅವಳ ಹೊಟ್ಟೆ."

ಆಮೇಲೆ ಸೀಟಿ ಊದಿದ್ದು, ಮಾವನ ರಟ್ಟೆ ಹಿಡಿದದ್ದು, ಮುಡಿ ಸಮೇತ ಮನೆಯವರೆಗೆ ಮೆರವಣಿಗೆ ತಂದದ್ದು, ಎಲ್ಲ ಆಯಿತು. ಅಂಗಳದಲ್ಲಿ ಗದ್ದಲ ಕೇಳಿ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಇವರ ಹೆಂಡತಿ ನಾನೇ. ಸತ್ತಿಲ್ಲ. ಅದರೊಳಗೆ ಇರುವುದು ಅಕ್ಕಿ" ಎಂದು ಗಂಡನ ಪ್ರಾಣ ಉಳಿಸಿದರು.

ಪೊಲೀಸಪ್ಪ ನಿಟ್ಟುಸಿರು ಬಿಟ್ಟ. ಆಮೇಲೆ ಏನೋ ಹೊಳೆದು, "ಅಕ್ಕಿಯಾ? ಹಾಗಾದರೆ ಪರ್ಮಿಟ್ ಎಲ್ಲಿ?" ಎಂದ. ಅತ್ತೆ ಅವನಿಗೆ ಎಲೆ ಹಾಕಿ ಬಡಿಸಿದ ಮೇಲೆ ಆ ಪ್ರಶ್ನೆ ತಣ್ಣಗಾಯಿತು.

ಹೀಗೆ ನಾವು ನಗುತ್ತಾ ಇದ್ದೆವು. ವರ್ಷಗಳು ಹೋಗುತ್ತಾ ಇದ್ದವು. ಅತ್ತೆ ವರ್ಷಕ್ಕೊಮ್ಮೆ, "ನಾನು ನಡೆದೇ ಹೋಗ್ಲಾ?" ಎಂದು ಕೇಳುವುದು, ಮಾವ ಮರ್ಯಾದೆಯ ಮಾತೆತ್ತಿ ಗುಡುಗುವುದು ನಡೆದೇ ಇತ್ತು. ನನಗಂತೂ ಕೊನೆಕೊನೆಗೆ ಮಾವನ ಮೇಲೆ ಸಿಟ್ಟೇ ಬಂದಿತ್ತು. ಈ ಮನುಷ್ಯನಿಗೆ ಬೇಕಾದದ್ದು ದಾರಿಯೋ, ದಾರಿ ಹುಡುಕುವ ಗಮ್ಮತ್ತೋ? ದಾರಿ ಸಿಕ್ಕಿಬಿಟ್ಟರೆ ಮರುದಿನ ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಅವರಿಗೆ ಇತ್ತೆಂದು ನಾನು ಈಗಲೂ ಆಣೆ ಮಾಡಿ ಹೇಳುತ್ತೇನೆ.

ಒಂದು ದಿನ ಬೆಳಗ್ಗೆ ನಾನು ಅಲ್ಲಿರುವಾಗಲೇ ಅಳದಂಗಡಿಯಿಂದ ಜನ ಬಂತು. ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದಾರೆ, ಊಟ ಸೇರುತ್ತಿಲ್ಲ, ಮಗಳ ಹೆಸರು ಹಿಡಿದು ಕರೆಯುತ್ತಿದ್ದಾರೆ.

ಮಾವ ಎದ್ದು ಓಡಾಡತೊಡಗಿದರು. "ಈಗಲೇ ಹೊರಡುವ! ಸೈಕಲ್ಲಿನಲ್ಲೇ ಹೋಗುವ! ಒಂದು ನಿಮಿಷ, ಟಯರಿಗೆ ಗಾಳಿ ಹಾಕ್ತೇನೆ. ಮಾಸ್ಟ್ರೇ, ಮುಡಿ ಬಿಚ್ಚು!" ಮುಡಿ ಬಿಚ್ಚುವುದು ಅಷ್ಟು ಸುಲಭವೇ? ಬೀಳಬಾರದೆಂದು ಮಾವ ಹಾಕಿದ್ದ ಗಂಟುಗಳು ಇಬ್ಬರ ಉಗುರಿಗೂ ಬಗ್ಗಲಿಲ್ಲ. ಕತ್ತಿ ತಂದು ಕೊಯ್ದು, ತಲೆ ಎತ್ತಿ ನೋಡಿದರೆ ಅಂಗಳದಲ್ಲಿ ಅತ್ತೆಯೇ ಇಲ್ಲ!

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಟ್ಟಿದ್ದರು. ಮೊದಲನೇ ಕೆರೆಯ ತಿರುವಿನಲ್ಲಿ ನಾವು ಅವರನ್ನು ಹಿಡಿದೆವು.

"ಏ ಇವಳೇ, ಕೂತುಕೋ!" ಎಂದರು ಮಾವ.

ಅತ್ತೆ ಕೂರಲಿಲ್ಲ, ನಿಲ್ಲಲೂ ಇಲ್ಲ. ಕವಲು ಬಂದಾಗ ಯಾರನ್ನೂ ಕೇಳದೆ ಎಡಕ್ಕೆ ತಿರುಗಿದರು. ಮುಂದಿನದರಲ್ಲಿ ಬಲಕ್ಕೆ. ಸಂಕ ಬರುವ ಮೊದಲೇ, "ಇಲ್ಲಿ ಹರಳು ದಪ್ಪ" ಎಂದು ಬದಿಗೆ ಸರಿದು ನಡೆದರು.

"ನಿನಗೆ ಹೇಗೆ ಗೊತ್ತು?" ಎಂದು ಮಾವ ಬೆರಗಾಗಿ ಕೇಳಿದರು.

"ದಿನಾ ಸಂಜೆ ನೀವು ಹೇಳಿದ್ದಲ್ವಾ?" ಎಂದರು ಅತ್ತೆ. "ನಾನು ತುಂಬ ಸಲ ಹೋಗಿಬಂದಾಗಿದೆ ಈ ದಾರಿಯಲ್ಲಿ. ತಾಯಿಯನ್ನು ನೋಡ್ಲಿಕ್ಕೆ ಆಗ್ಲಿಲ್ಲ ಅಷ್ಟೇ."

ಮಾವ ಆಮೇಲೆ ಕೂತುಕೋ ಎನ್ನಲಿಲ್ಲ. ಖಾಲಿ ಕ್ಯಾರಿಯರಿನ ಸೈಕಲ್ಲನ್ನು ತಳ್ಳಿಕೊಂಡು, ತಲೆ ಬಗ್ಗಿಸಿ ಹೆಂಡತಿಯ ಹಿಂದೆ ನಡೆದರು. ಒಂದು ಕಡೆ ಬಸ್ಸಿನ ರಸ್ತೆ ದಾಟಬೇಕಿತ್ತು. ದೂರದಲ್ಲಿ ಹಾರ್ನು ಕೇಳಿದ್ದೇ ಸೈಕಲ್ಲನ್ನು ನನ್ನ ಮೇಲೆ ಬಿಟ್ಟು ಓಡಿ, ಹೆಗಲ ಮೇಲಿನ ಬೈರಾಸು ವಸ್ತ್ರದಿಂದ ಅತ್ತೆಯ ಮೂಗು ಮುಚ್ಚಿ ಹಿಡಿದರು. ಬಸ್ಸು ಹೋಗಿ ಧೂಳೆಲ್ಲ ಕೂತ ಮೇಲೂ ಕೈ ತೆಗೆಯಲಿಲ್ಲ. ಕೊನೆಗೆ ಅತ್ತೆಯೇ, "ಉಸಿರು ಕಟ್ತದೆ, ಬಿಡಿ" ಎನ್ನಬೇಕಾಯಿತು.

ಅಳದಂಗಡಿ ಮುಟ್ಟುವಾಗ ಹೊತ್ತು ಇಳಿದಿತ್ತು. ತಾಯಿಯ ಜೀವ ಇತ್ತು. ಕಣ್ಣೂ ಚುರುಕಾಗಿಯೇ ಇತ್ತು. ಅತ್ತೆ ಹಾಸಿಗೆಯ ಮೇಲೆಯೇ ಕಾಲು ಮಡಚಿ ಕೂತರು. ಮಾವ ಒಳಗೆ ಹೋಗಲಿಲ್ಲ. ಬಾಗಿಲಿನ ಹೊರಗೆ ಗೋಡೆಗೆ ಒರಗಿ, ತಪ್ಪು ಮಾಡಿ ಕ್ಲಾಸಿನಿಂದ ಹೊರಗೆ ನಿಂತವರ ಹಾಗೆ ನಿಂತಿದ್ದರು.

"ಹೇಗೆ ಬಂದೆ ಮಗಾ? ಬಸ್ಸಿನಲ್ಲಾ?" ತಾಯಿಯ ದನಿ ಕೇಳಿಸಿತು.

"ಇಲ್ಲ ಅಮ್ಮ" ಎಂದರು ಅತ್ತೆ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಹೊರಗೂ ಕೇಳುವಷ್ಟು ಗಟ್ಟಿಯಾಗಿ, "ಇವರೇ ಸೈಕಲ್ಲಿನಲ್ಲಿ ಕೂರಿಸಿ ಕರಕೊಂಡು ಬಂದರು" ಎಂದರು.

ಮಾವ ಬೈರಾಸನ್ನು ಮುಖಕ್ಕೆ ಒತ್ತಿಕೊಂಡರು. ಅಷ್ಟು ವರ್ಷ ಅವರನ್ನು ನೋಡಿ ನಕ್ಕವನಿಗೆ ಆಗ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಹೋದೆ. ಮುದುಕಿ ಮಗಳ ಪಾದವನ್ನು ಮಡಿಲಿಗೆ ಎಳೆದುಕೊಂಡಿದ್ದರು. ಮೀನಖಂಡದವರೆಗೆ ಕೆಂಪು ಧೂಳು ಮೆತ್ತಿತ್ತು, ಹಿಮ್ಮಡಿಯಲ್ಲಿ ಹರಳು ಚುಚ್ಚಿದ ಗಾಯಗಳಿದ್ದವು. ಅವರು ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸುತ್ತಾ, ಅಡುಗೆಮನೆಯ ಕಡೆಗೆ ದನಿ ಎತ್ತಿ ಹೇಳಿದರು:

"ಅಳಿಯನಿಗೆ ಮೊದಲು ಬೆಲ್ಲ ನೀರು ಕೊಡಿ. ಪಾಪ, ಅಲ್ಲಿಂದ ಇಲ್ಲಿವರೆಗೆ ತುಳಿದು ತುಳಿದು ಕಾಲು ಸೋತಿರಬೇಕು."