ಅಪ್ಪನ ಅಂಬಾಸಿಡರ್‌ಗೆ ಹೊಸ ಸ್ಟೇರಿಂಗ್

ಎದುರುಮನೆಯ ನಲ್ಲಪ್ಪ ಗೇಟಿನಾಚೆಯಿಂದಲೇ ಕೂಗಿ ಹೇಳಿದ ಮಾತಿಗೆ ಮುತ್ತಣ್ಣನ ಬಾಯಲ್ಲಿದ್ದ ಕಾಫಿ ಕಹಿಯಾಯಿತು.

“ನನ್ನ ಅಂಬಾಸಿಡರ್‌ಗೆ ಕ್ಲಾಸಿಕ್ ಕಾರ್ ಇನ್ಶೂರೆನ್ಸ್ ಮಾಡಿಸ್ತಾ ಇವ್ನಿ ಮುತ್ತಣ್ಣ. ಸಂಜೆ ಸರ್ವೇಯರ್ ಬತ್ತಾರೆ. ಪಾಸಾದ್ರೆ ಅದು ಬರೀ ಹಳೇ ಕಾರಲ್ಲ, ಮರ್ವಾದಸ್ತ ಕಾರು!”

ಇಬ್ಬರ ಅಪ್ಪಂದಿರೂ ಹಠಕ್ಕೆ ಬಿದ್ದು ಒಂದೇ ವರ್ಷ ಅಂಬಾಸಿಡರ್ ಕೊಂಡವರು. ಹೆಬ್ಬಗೋಡಿಯ ಹೊಲಗಳೆಲ್ಲ ಬಾಡಿಗೆ ಮನೆಗಳಾದರೂ ಆ ಹಠ ಮಾತ್ರ ಮಕ್ಕಳಿಗೆ ಉಳಿದಿತ್ತು. ನಲ್ಲಪ್ಪನ ಕಾರಿಗೆ ಮರ್ಯಾದೆ ಸಿಕ್ಕಿ, ತನ್ನದು ಕೋಳಿಗೂಡಾಗಿಯೇ ಉಳಿಯುವುದನ್ನು ನೆನೆದು ಮುತ್ತಣ್ಣ ಲೋಟ ಕೆಳಗಿಟ್ಟು ಗೇಟಿಗೆ ನಡೆದ. ನಯವಾಗಿ ಮಾತಾಡಿ ನಲ್ಲಪ್ಪನಿಂದಲೇ ಸರ್ವೇಯರ್ ಫೋನ್ ನಂಬರು ಇಸಕೊಂಡ. ಮೊದಲು ತನ್ನ ಮನೆಗೇ ಬರಬೇಕೆಂದು ಸರ್ವೇಯರಿಗೆ ಗೋಗರೆದ.

ಕಾರಿನೊಳಗಿನ ಕೋಳಿಗಳನ್ನು ಓಡಿಸುತ್ತಿದ್ದಾಗ ಬಾಡಿಗೆಗಿದ್ದ ಬಸಲಿಂಗ ವಿಷಯ ತಿಳಿದು ಬಂದ. ಅವನಿಗೆ ಫ್ಯಾಕ್ಟರಿ ರಜೆಯಿತ್ತು, ಬಾಯಿಗೆ ರಜೆಯಿರಲಿಲ್ಲ.

“ಹಿಂಗ ತೋರಿಸಿದ್ರ ಯಾರ್ ಪಾಸ್ ಮಾಡ್ತಾರ್ರಿ ಮಾಲಕರ? ಮದುವಿ ಹೆಣ್ಣ ತೋರಿಸಿದಂಗ ತೋರಿಸ್ಬೇಕ್ರಿ. ಆ ಸ್ಟೇರಿಂಗ್ ನೋಡ್ರಿ, ಬಂಡಿ ಗಾಲಿ ಆಗೇತಿ!”

ಮುತ್ತಣ್ಣನಿಗೆ ಇದು ಸರಿಯೆನಿಸಿತು. ಮಧ್ಯಾಹ್ನದೊಳಗೆ ಮೆಕ್ಯಾನಿಕ್ ಬಂದು ಕೆಂಪು ಸ್ಟೇರಿಂಗ್, ನೀಲಿ ಬೆಳಕಿನ ಹೆಡ್‌ಲೈಟು, ಹುಲಿಪಟ್ಟೆಯ ಸೀಟು, ಹಾಡುವ ಹಾರನ್ನು ಎಲ್ಲ ಕೂರಿಸಿದ. ಕಳಚಿದ್ದನ್ನು ಗುಜರಿ ಗಾಡಿಗೆ ತುಂಬುವಾಗ ಹೆಂಡತಿ ನಾಗಲಕ್ಷ್ಮಮ್ಮ ಅಡ್ಡ ಬಂದಳು.

“ಮಾವ ಹಿಡಿದಿದ್ದ ಸ್ಟೇರಿಂಗ್ ಕಣ್ರೀ ಅದು. ಅವ್ರ ಬೀಡಿ ಸುಟ್ಟ ಕಲೆ ಇನ್ನೂ ಐತೆ ನೋಡಿ.”

“ಕಲೆ ಇದ್ರೆ ಫೇಲ್ ಮಾಡ್ತಾರೆ, ಸುಮ್ಕಿರೇ!”

ಸಂಜೆ ಸರ್ವೇಯರ್ ಸಿದ್ದಾರ್ಥ್ ಬಂದ. ಕಾರಿನೊಳಗೆ ಕೂತು ಹಾರನ್ ಒತ್ತಿದ, ಅದು ರಚ್ಚೆ ಹಿಡಿದ ಮಗುವಿನಂತೆ ಕಿರುಚಿತು. ಅವನು ಕೆಳಗಿಳಿದು ತಲೆಯಾಡಿಸಿದ.

“ಸಾರಿ ಸಾರ್. ಕ್ಲಾಸಿಕ್ ಅಂದ್ರೆ ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರ್ಬೇಕು. ಇದು ಆಗಲ್ಲ.”

ಮುತ್ತಣ್ಣನಿಗೆ ಅಳುವೇ ಬಂತು. ಅದನ್ನು ನೋಡಲಾರದೆ ಸಿದ್ದಾರ್ಥ್ ಸಮಾಧಾನ ಹೇಳಿದ: “ಬೇಜಾರ್ ಮಾಡ್ಕೋಬೇಡಿ. ಹೋದ ವಾರ ಎದುರುಮನೆಯವ್ರಿಗೂ ಇದನ್ನೇ ಹೇಳಿದ್ದೆ. ಅವ್ರ ಸ್ಟೇರಿಂಗೂ ಲೈಟೂ ಒರಿಜಿನಲ್ ಅಲ್ಲ.”

ಮುತ್ತಣ್ಣನ ಮುಖ ಪೂರಿಯಂತೆ ಉಬ್ಬಿತು. ತನ್ನದು ಹೋದ ದುಃಖವೇ ಉಳಿಯಲಿಲ್ಲ. ಸಿದ್ದಾರ್ಥನಿಗೆ ಇನ್ನೊಂದು ಲೋಟ ಕಾಫಿ ಕುಡಿಸಿ, ನಲ್ಲಪ್ಪ ಫೇಲಾಗುವುದನ್ನು ಕಣ್ಣಾರೆ ನೋಡಲು ತಾನೂ ಜೊತೆಗೆ ಹೊರಟ.

ಅಲ್ಲಿ ಸಿದ್ದಾರ್ಥ್ ಕಾರನ್ನೊಂದು ಸುತ್ತು ಹಾಕಿ ಬಂದು ನಲ್ಲಪ್ಪನ ಕೈ ಕುಲುಕಿದ. “ಸೂಪರ್ ಸಾರ್! ಈಗ ಎಲ್ಲಾ ಒರಿಜಿನಲ್. ಪಾಸ್!”

ನಲ್ಲಪ್ಪ ಮುತ್ತಣ್ಣನ ಕೈಹಿಡಿದು ಎಳೆದೊಯ್ದು ಕಾರಿನ ಬಾಗಿಲು ತೆಗೆದ.

“ಒಂದು ವಾರದಿಂದ ಊರೆಲ್ಲಾ ಉಡುಕ್ತಿದ್ದೆ ಕಣಪ್ಪಾ. ಇವತ್ತು ಗುಜರಿ ಅಂಗಡೀಲಿ ಪೂರ್ತಿ ಸೆಟ್ಟೇ ಸಿಕ್ತು, ಆಗಲೇ ಹಾಕಿಸ್ಬಿಟ್ಟೆ. ಇಂಥಾ ಚಿನ್ನದಂಥ ಸಾಮಾನು ಎಸೆದೋನು ಎಂಥಾ ದಡ್ಡ ಇರ್ಬೇಕು, ಅಲ್ವಾ?”

ಸ್ಟೇರಿಂಗಿನ ಮೇಲಿಂದ ಅಪ್ಪನ ಬೀಡಿಯ ಕಲೆ ಮುತ್ತಣ್ಣನನ್ನೇ ದಿಟ್ಟಿಸುತ್ತಿತ್ತು.

“ಊಂ ಕಣ್ಲಾ,” ಎಂದ ಮುತ್ತಣ್ಣ. “ಬಾರೀ ದಡ್ಡನೇ ಇರ್ಬೇಕು.”