ದುಬೈಯಲ್ಲಿ ಆಚಾರ್ರು ಕಟ್ಟಿದ ಚರ್ಚು

ನಮ್ಮ ಕರಾವಳಿಯವರು ನಾಲ್ಕು ಜನ ಒಂದು ವರ್ಕ್‌ಶಾಪಿನಲ್ಲಿ ಸೇರಿದರೆ ಕೆಲಸ ನಡೆಯುತ್ತದೋ ಇಲ್ಲವೋ, ಒಂದಲ್ಲ ಒಂದು ಪ್ರಸಂಗವಂತೂ ನಡೆದೇ ನಡೆಯುತ್ತದೆ. ದುಬೈಯಲ್ಲಿ ಟವರುಗಳು ಅಣಬೆಯ ಹಾಗೆ ಏಳುತ್ತಿದ್ದ ಕಾಲ. ಕಟ್ಟಡಗಳ ಪುಟ್ಟ ಮಾಡೆಲ್ ಮಾಡಿಕೊಡುವ ಕಂಪನಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಅಲ್ಲಿಯ ದೊಡ್ಡ ಕೈ ಎಂದರೆ ನಮ್ಮ ಆಚಾರ್ರು. ಕಾರ್ಕಳ ಕಡೆಯ ಮರಗೆಲಸದವರು, ಅಪ್ಪನ ಜೊತೆ ಊರಿನ ಚರ್ಚುಗಳ ಬಲಿಪೀಠ ರಿಪೇರಿ ಮಾಡುತ್ತ ಉಳಿ ಹಿಡಿಯಲು ಕಲಿತವರು. ಅವರಿಗೆ ಇಂಗ್ಲಿಷ್ ಬಾರದು. ಮ್ಯಾನೇಜರ್ ಇಂಗ್ಲೆಂಡಿನವ, ಅವನಿಗೆ ಇಂಗ್ಲಿಷ್ ಬಿಟ್ಟರೆ ಬೇರೇನೂ ಬಾರದು. ನಡುವೆ ದುಭಾಷಿ ನಾನು.

ಆ ವರ್ಷ ಒಂದು ಮಾಲ್‌ನವರು ಜಗತ್ತಿನ ಪ್ರಸಿದ್ಧ ಕಟ್ಟಡಗಳ ಪ್ರದರ್ಶನ ಇಟ್ಟರು. ನಮ್ಮ ಪಾಲಿಗೆ ಬಂದದ್ದು ಹಳೆ ಗೋವಾದ ಬೊಂ ಜೀಸಸ್ ಬೆಸಿಲಿಕಾ, ಬರೋಕ್ ಶೈಲಿಯ ಹೆಸರಾಂತ ಚರ್ಚು. ಅದೇ ಸಮಯಕ್ಕೆ ಕಂಪನಿಗೆ ಹೊಸ ಲೇಸರ್ ಮೆಷಿನ್ನೂ ಬಂದಿತ್ತು, ಆಚಾರ್ರಿಗೆ ಅರವತ್ತೂ ಬರುವುದರಲ್ಲಿತ್ತು. ಅರವತ್ತಾದವರ ವೀಸಾ ಮುಂದುವರಿಯಲು ಮ್ಯಾನೇಜರ್ ಪತ್ರ ಕೊಡಬೇಕು. ಊರಲ್ಲಿ ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ. "ಈ ಚರ್ಚು ಪಾಸಾಗಲಿ, ಆಮೇಲೆ ನೋಡೋಣ" ಎಂದಿದ್ದ ಪುಣ್ಯಾತ್ಮ.

ಒಳಗೇನಿದೆ?

ಫೋಟೋ ನೋಡಿದ ಮ್ಯಾನೇಜರ್ ಮೊದಲು ಕೇಳಿದ್ದೇ, "ಇದಕ್ಕೆ ಗಾರೆ ಯಾಕೆ ಆಗಿಲ್ಲ? ಕಂಟ್ರಾಕ್ಟರ್ ಓಡಿಹೋದನೇ?"

ಆಚಾರ್ರಿಗೆ ಕೆಂಡದಂಥ ಕೋಪ. "ಹಿಂದೆ ಗಾರೆ ಇತ್ತು, ಆಮೇಲೆ ತೆಗೆದದ್ದು ಅಂತ ಹೇಳು ಮಾರಾಯ. ಅದು ಮುರಕಲ್ಲು, ನಮ್ಮ ಕಡೆಯ ಕೆಂಪು ಕಲ್ಲು. ನಮ್ಮ ಮನೆ ಕಟ್ಟಿದ್ದೂ ಅದರಲ್ಲೇ. ನಾನೂರು ವರ್ಷದ ಮಳೆ ತಿಂದು ನಿಂತದ್ದು!"

ಆದರೆ ಆ ಕೆಂಪು ಯಾವ ಪೇಂಟ್ ಡಬ್ಬದಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ರಜೆಯಲ್ಲಿ ಊರಿಗೆ ಹೋದ ಆಚಾರ್ರು ಬರುವಾಗ ಬ್ಯಾಗಿನಲ್ಲಿ ಒಂದು ಮುರಕಲ್ಲನ್ನೇ ಹೊತ್ತು ತಂದರು. ದುಬೈ ಏರ್‌ಪೋರ್ಟಿನ ಕಸ್ಟಮ್ಸ್ ಅಧಿಕಾರಿ ಅದನ್ನು ತಿರುಗಿಸಿ ನೋಡಿದ, ಮೂಸಿದ, ಬೆರಳಿನಿಂದ ತಟ್ಟಿದ.

"ಇದೇನು?"

"ಕಲ್ಲು ಸಾಬ್."

"ಅದು ಕಾಣುತ್ತದೆ. ಒಳಗೇನಿದೆ?"

"ಒಳಗೂ ಕಲ್ಲೇ ಸಾಬ್."

ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರಂತೆ. ಕೊನೆಗೆ ಅಧಿಕಾರಿಯೂ ನಕ್ಕು, "ಯಲ್ಲಾ, ಹೋಗು" ಎಂದನಂತೆ.

ಗಂಟೆ ಗೋಪುರ

ಒಂದು ದಿನ ಮ್ಯಾನೇಜರ್ ಪೆನ್ಸಿಲ್ ಹಿಡಿದು, ನನ್ನ ನಕ್ಷೆಯಲ್ಲಿ ಚರ್ಚಿನ ಎದುರು ಎರಡು ಗೋಪುರ ಏರಿಸಿಯೇ ಬಿಟ್ಟ. ಇಷ್ಟು ದೊಡ್ಡ ಚರ್ಚಿಗೆ ಮುಂದೆ ಗೋಪುರ ಇಲ್ಲದಿದ್ದರೆ ಹೇಗೆ ಎಂದು ಅವನ ವಾದ.

"ಗೋಪುರ ಹಿಂದೆ ಉಂಟಲ್ಲ!" ಎಂದರು ಆಚಾರ್ರು.

"ಅಷ್ಟು ಖರ್ಚು ಮಾಡಿ ಗೋಪುರ ಕಟ್ಟಿ ಯಾರಾದರೂ ಹಿಂದೆ ಬಚ್ಚಿಡುತ್ತಾರೆಯೇ?"

"ಗಂಟೆ ಇರುವುದು ಕೇಳ್ಲಿಕ್ಕೆ, ನೋಡ್ಲಿಕ್ಕಲ್ಲ ಅಂತ ಹೇಳು ಅವನಿಗೆ."

ಹೇಳಿದೆ. ಮ್ಯಾನೇಜರ್ ತೆಪ್ಪಗೆ ಗೋಪುರ ಅಳಿಸಿದ. ಮರುದಿನ ಮಾಲ್‌ನವರು ಅದೇ ಪ್ರಶ್ನೆ ಕೇಳಿದಾಗ, ಆಚಾರ್ರ ಮಾತನ್ನು ತನ್ನದೇ ಎಂಬಂತೆ ಗಂಭೀರವಾಗಿ ಒಪ್ಪಿಸಿ ಚಪ್ಪಾಳೆಯನ್ನೂ ಹೊಡೆಸಿಕೊಂಡ. ಅದನ್ನು ನಾನು ಅನುವಾದಿಸಲಿಲ್ಲ.

ಕಟ್ಟಿದವರು ಯಾರು?

ಮಾಡೆಲ್ ಪಕ್ಕ ಇಡುವ ಚೀಟಿಗೆ ಚರ್ಚಿನ ಇತಿಹಾಸ ಬರೆಯುವ ಕೆಲಸ ನನ್ನದು. "ಪೋರ್ಚುಗೀಸರ ಕಾಲದಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿದರು" ಎಂದು ಬರೆದು ಆಚಾರ್ರಿಗೆ ಓದಿ ಹೇಳಿದೆ.

"ಪಾದ್ರಿಗಳು ಕಲ್ಲು ಹೊತ್ತದ್ದಾ?"

"ಹಾಗಲ್ಲ ಆಚಾರ್ರೇ, ಅವರು ಕಟ್ಟಿಸಿದ್ದು."

"ಹಾಗೇ ಬರಿ ಮತ್ತೆ. ಕಟ್ಟಿಸಿದ್ದು ಪಾದ್ರಿಗಳು, ಕಟ್ಟಿದ್ದು ನಮ್ಮವರು. ಇಲ್ಲಿಯೂ ಹಾಗೇ ಅಲ್ವಾ? ಟವರಿನ ಬೋರ್ಡಿನಲ್ಲಿ ಕಂಪನಿ ಹೆಸರು ಇರ್ತದೆ. ಕಟ್ಟಿದವರು ಸಂಜೆ ಬಸ್ಸು ಹತ್ತಿ ಸೋನಾಪುರದ ಲೇಬರ್ ಕ್ಯಾಂಪಿಗೆ ಹೋಗ್ತಾರೆ."

ಹೆಮ್ಮೆಯಿಂದ ಹಾಗೆಯೇ ಬರೆದೆ. ಮ್ಯಾನೇಜರ್ ಓದಿ, "ಆ ಕೆಲಸಗಾರರ ಹೆಸರು ಗೊತ್ತೇ?" ಎಂದ. ಆಚಾರ್ರು ತಡವರಿಸದೆ, "ನಾನೂರು ವರ್ಷದ ಹಿಂದಿನದ್ದು ಬಿಡು. ಮೂರು ವರ್ಷದಿಂದ ನೋಡ್ತಾ ಇದ್ದಾನಲ್ಲ, ನನ್ನ ಹೆಸರು ಗೊತ್ತುಂಟಾ ಕೇಳು" ಎಂದರು. ಕೇಳಿದೆ. ಮ್ಯಾನೇಜರ್ ಬಹಳ ಹೊತ್ತು ಯೋಚಿಸಿ, "ಕಾರ್ಪೆಂಟರ್" ಎಂದ.

ಇಪ್ಪತ್ತೆರಡು ಮಕ್ಕಳು

ಎಲ್ಲಕ್ಕಿಂತ ಚಂದ ಬಂದದ್ದು ಬಲಿಪೀಠ. ಬರೋಕ್ ಎಂದರೆ ಬರಿ ಜಾಗ ಬಿಡಬಾರದು. ತಿರುಚಿದ ಕಂಬ, ಬಳ್ಳಿ, ಹೂವು, ಎಲ್ಲದಕ್ಕೂ ಚಿನ್ನದ ಬಣ್ಣ, ಸಂದಿಸಂದಿಯಲ್ಲಿ ಗುಂಡುಗುಂಡು ದೇವದೂತ ಮಕ್ಕಳು. ಕಡಲೆಕಾಳಿನಷ್ಟೇ ಮುಖ, ಆದರೆ ಕೆನ್ನೆ ಹಿಂಡಬೇಕು ಅನ್ನಿಸುವಂತೆ ಕೆತ್ತಿದ್ದರು ಆಚಾರ್ರು. ಲೇಸರ್ ಮೆಷಿನ್ ಏಳು ಜನ್ಮ ಎತ್ತಿ ಬಂದರೂ ಆಗದ ಕೆಲಸ.

ಮಾಲ್‌ನ ಮುಖ್ಯಸ್ಥೆ, ಒಬ್ಬ ಅರಬ್ ಮಹಿಳೆ, ಮಾಡೆಲ್ ಪಾಸು ಮಾಡಲು ಬರುವುದಿತ್ತು. ಅರ್ಧ ಗಂಟೆ ಮೊದಲು ಮ್ಯಾನೇಜರ್ ಭೂತಗನ್ನಡಿ ಹಿಡಿದು ನೋಡಿದವನೇ ಕಿರುಚಿದ. ಇಪ್ಪತ್ತೆರಡೂ ಮಕ್ಕಳ ಎಡ ಕೆನ್ನೆಯ ಮೇಲೆ ಒಂದೊಂದು ಕಪ್ಪು ಚುಕ್ಕೆ!

"ದೃಷ್ಟಿಬೊಟ್ಟು," ಎಂದರು ಆಚಾರ್ರು ತಣ್ಣಗೆ. "ಇಷ್ಟು ಚಂದದ ಮಕ್ಕಳನ್ನು ಸಾವಿರ ಜನರ ಕಣ್ಣೆದುರು ಹಾಗೇ ಬಿಡ್ಲಿಕ್ಕೆ ಆಗ್ತದಾ?"

ಅನುವಾದಿಸಿದೆ. ಮ್ಯಾನೇಜರ್ ಮುಖ ಮುರಕಲ್ಲಿನ ಬಣ್ಣಕ್ಕೆ ತಿರುಗಿತು. "ಒರೆಸು! ಇಲ್ಲದಿದ್ದರೆ ವೀಸಾ ಖಲಾಸ್!"

ಅದಕ್ಕೆ ಅನುವಾದ ಬೇಕಾಗಲಿಲ್ಲ. ಆಚಾರ್ರ ಮುಖ ಸಣ್ಣದಾಯಿತು, ಆದರೂ ಕೈಕಟ್ಟಿ ನಿಂತೇ ಇದ್ದರು. "ನಾನು ಒರೆಸುವುದಿಲ್ಲ. ಏನಾದರೂ ಆದರೆ ನನ್ನನ್ನು ಕೇಳಬೇಡಿ."

ಕೊನೆಗೆ ನಾನೇ ಹತ್ತಿಗೆ ಥಿನ್ನರ್ ಅದ್ದಿ, ಮೇಲಿನ ಮೂಲೆಯ ಮಗುವಿನ ಬೊಟ್ಟು ಒರೆಸಿದೆ. ಒರೆಸಿ ಕೈ ತೆಗೆದೆನೋ ಇಲ್ಲವೋ, ಮಗುವಿನ ತಲೆ ಟಪ್ಪೆಂದು ಕಳಚಿ ಮ್ಯಾನೇಜರನ ಬೂಟಿನ ಮೇಲೆ ಬಿತ್ತು.

ಥಿನ್ನರ್ ತಾಗಿದರೆ ತಲೆ ಅಂಟಿಸಿದ ಗಮ್ಮು ಬಿಡುತ್ತದೆ ಎನ್ನುವುದು ನನಗೂ ಗೊತ್ತು, ಆಚಾರ್ರಿಗೂ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಮ್ಯಾನೇಜರ್ ಬಿದ್ದ ತಲೆಯನ್ನೂ ಉಳಿದ ಇಪ್ಪತ್ತೊಂದು ಬೊಟ್ಟುಗಳನ್ನೂ ನೋಡಿದ. "ಬೇರೆಯದನ್ನು ಮುಟ್ಟಬೇಡ," ಎಂದ ಪಿಸುದನಿಯಲ್ಲಿ. "ಇದಕ್ಕೂ ಬೊಟ್ಟು ವಾಪಸ್ ಇಡಲು ಹೇಳು."

ಆಚಾರ್ರು ತಲೆ ಅಂಟಿಸಿ, ಬೊಟ್ಟಿಟ್ಟು, ಉಸಿರು ಬಿಡುವಷ್ಟರಲ್ಲಿ ಆ ಮಹಿಳೆ ಬಂದರು. ಚರ್ಚನ್ನು ಸುತ್ತಿದರು. ಬಲಿಪೀಠಕ್ಕೆ ಬಗ್ಗಿದವರು ಏಳಲೇ ಇಲ್ಲ. "ಮಾಷಾ ಅಲ್ಲಾ," ಎಂದರು. "ನಮ್ಮ ಅಜ್ಜಿಯೂ ಹೀಗೆ ಮಕ್ಕಳಿಗೆ ಕಾಡಿಗೆ ಇಡುತ್ತಿದ್ದರು. ಇದನ್ನು ಮಾಡಿದವರು ಯಾರು?"

ಮ್ಯಾನೇಜರ್ ಆಚಾರ್ರ ಹೆಗಲ ಮೇಲೆ ಕೈಯಿಟ್ಟು, ಅವರ ಪೂರ್ತಿ ಹೆಸರನ್ನು ಅಪ್ಪನ ಹೆಸರಿನ ಸಮೇತ ಹೇಳಿದ. ವೀಸಾ ಫೈಲಿನಲ್ಲಿ ನೋಡಿ ಬಂದಿದ್ದನಂತೆ.

ಮರುವಾರ ಪತ್ರಕ್ಕೆ ಸಹಿ ಬಿತ್ತು. ಎರಡು ವರ್ಷದ ವೀಸಾ. ಆಚಾರ್ರು ಕಣ್ಣೊರೆಸಿಕೊಳ್ಳುತ್ತಿರುವಾಗ ಮ್ಯಾನೇಜರ್ ಬಾಗಿಲು ಹಾಕಿ, ಅಬುಧಾಬಿಯ ರೀಮ್ ಐಲ್ಯಾಂಡಿಗೆ ಹೊರಟಿದ್ದ ಐವತ್ತು ಮಹಡಿಯ ಟವರ್ ಮಾಡೆಲನ್ನು ತೋರಿಸಿ, ನನ್ನ ಕಿವಿಯಲ್ಲಿ ಹೇಳಿದ:

"ಇದಕ್ಕೂ ಒಂದು ಬೊಟ್ಟು ಇಡಲು ಹೇಳು. ಹಿಂದೆ, ಲಿಫ್ಟಿನ ಹತ್ತಿರ. ಯಾರಿಗೂ ಕಾಣಬಾರದು."